ಪ್ರವಾಸಕ್ಕೆ ಒಂದೇ ಚೀಲ: ಪೋಷಕರಿಗೆ ಪತ್ರ

ಹಾಸನ
1-12-2025

9ನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರ.

ಇದೇ 12, 13, 14ರ ಚಿತ್ರದುರ್ಗ–ಹಂಪಿ ಪ್ರವಾಸಕ್ಕೆ ಮಗುವಿಗೆ ಒಂದೇ ಚೀಲ, ನೀರಿನ ಬಾಟಲಿಯೂ ಸೇರಿ 5 ಕೆಜಿ ಮೀರಬಾರದು ಎಂದು ಹೋದ ವಾರ ಡೈರಿಯಲ್ಲಿ ಬರೆಸಿ ಕಳುಹಿಸಿದ್ದೆವು. ಅವತ್ತಿನಿಂದ ಆಫೀಸಿನ ಫೋನಿಗೆ ಬಿಡುವಿಲ್ಲ. "ಮೂರು ದಿನಕ್ಕೆ ಒಂದು ಚೀಲ ಎಲ್ಲಿ ಸಾಕಾಗುತ್ತೆ ಮೇಡಂ?" "ಈ ಚಳೀಲಿ ರಗ್ಗು ಬೇಡ ಅಂದ್ರೆ ಹೇಗೆ?" "ಮಕ್ಕಳು ತಿನ್ನೋ ಕೋಡುಬಳೆಗೂ ತಕ್ಕಡಿ ಹಿಡೀತೀರಾ?" ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಕಾರಣ ತಿಳಿಸದೆ ಎರಡು ಸಾಲಿನ ನಿಯಮ ಬರೆಸಿದ್ದು ನಮ್ಮದೇ ತಪ್ಪು. ನಿಯಮ ಮಾತ್ರ ಇದ್ದಂತೆಯೇ ಇರುತ್ತದೆ.

ಕಳೆದ ವರ್ಷ 48 ಮಕ್ಕಳಿಗೆ ತೊಂಬತ್ತಕ್ಕೂ ಹೆಚ್ಚು ಚೀಲ ಬಂದಿದ್ದವು. ಮೇಲಿನ ಕ್ಯಾರಿಯರ್ ತುಂಬಿತು, ಸೀಟಿನ ಕೆಳಗೆ ತುಂಬಿತು, ಉಳಿದದ್ದು ನಡುವಿನ ಓಡಾಟದ ಜಾಗದಲ್ಲಿ ಮತ್ತು ಹಿಂದಿನ ತುರ್ತು ಬಾಗಿಲಿನ ಮುಂದೆ ಕೂತಿತು. ವಾಂತಿ ಬಂದ ಮಕ್ಕಳಿಗೆ ಎದ್ದು ಬರಲು ದಾರಿಯಿರಲಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ಮೇಲಿಂದ ಒಂದೊಂದು ಚೀಲ ಉರುಳುತ್ತಿತ್ತು. ಅನಾಹುತ ಏನೂ ಆಗಲಿಲ್ಲ, ದೇವರ ದಯೆ. ಆದರೆ ತುರ್ತು ಬಾಗಿಲಿಗೆ ಚೀಲ ಒಟ್ಟಿದ ಬಸ್ಸಿನಲ್ಲಿ ನಿಮ್ಮ ಮಕ್ಕಳನ್ನು ಇನ್ನೊಮ್ಮೆ ಕೂರಿಸಲು ನಾನು ತಯಾರಿಲ್ಲ.

"ಚೀಲ ಬಸ್ಸಲ್ಲೇ ಇರುತ್ತಲ್ಲ, ಮಗು ಹೊರೋದೇನಿದೆ" ಎಂದೂ ಕೆಲವರು ಕೇಳಿದ್ದೀರಿ. ಹಗಲು ಇರುತ್ತದೆ, ನಿಜ. ರಾತ್ರಿ ಹೊಸಪೇಟೆಯಲ್ಲಿ ನಾವು ಉಳಿಯುವ ಛತ್ರದ ಓಣಿಗೆ ಬಸ್ಸು ನುಗ್ಗುವುದಿಲ್ಲ. ಇಳಿದು ನಡೆಯಬೇಕು, ಆಮೇಲೆ ಎರಡು ಮಹಡಿ ಹತ್ತಬೇಕು, ಬೆಳಿಗ್ಗೆ ಐದೂವರೆಗೆ ಅದನ್ನೇ ಹೊತ್ತು ಇಳಿಯಬೇಕು. ಚಕ್ರದ ಸೂಟ್‌ಕೇಸು ಮೆಟ್ಟಿಲ ಮೇಲೆ ಉರುಳುವುದಿಲ್ಲ. ಅದನ್ನು ಕೊನೆಗೆ ಹೊರುವವರು ಯಾರು ಎಂದು ಜೊತೆಗೆ ಬರುವ ನಾಲ್ವರು ಶಿಕ್ಷಕರಿಗೆ ಗೊತ್ತು.

5 ಕೆಜಿ ನಾವು ಬಾಯಿಗೆ ಬಂದಂತೆ ಹೇಳಿದ ಲೆಕ್ಕವಲ್ಲ. 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲಾ ಬ್ಯಾಗಿಗೆ ಮಿತಿ ಹಾಕಿದಾಗ 9, 10ನೇ ತರಗತಿಗೆ ಹೇಳಿದ್ದು 4ರಿಂದ 5 ಕೆಜಿ. ನಾವು ಹಿಡಿದಿರುವುದು ಅದರ ಮೇಲಿನ ಅಂಚನ್ನೇ.

ಸಾಕಾಗುತ್ತದೆಯೇ? ಲೆಕ್ಕ ಹಾಕೋಣ. ಹೊರಡುವಾಗ ಸಮವಸ್ತ್ರ, ಸ್ವೆಟರ್, ಶೂ ಮೈಮೇಲೆಯೇ ಇರುತ್ತವೆ, ಚೀಲಕ್ಕೆ ಭಾರವಿಲ್ಲ. ಖಾಲಿ ಚೀಲ 600 ಗ್ರಾಂ (ದಿನಾ ತರುವ ಶಾಲೆಯ ಬ್ಯಾಗೇ ಸಾಕು, ಹೊಸದು ಕೊಳ್ಳಬೇಡಿ). ಎರಡನೆಯ ದಿನಕ್ಕೆ ಒಂದು ಜೊತೆ ಬಣ್ಣದ ಬಟ್ಟೆ 550, ರಾತ್ರಿಯದು 400, ಒಳಉಡುಪು ಮತ್ತು ಸಾಕ್ಸ್ ಮೂರು ಜೊತೆ 250, ತೆಳು ಟವೆಲ್ 200, ಒಂಟಿ ಹತ್ತಿ ಬೆಡ್‌ಶೀಟ್ 500, ಬ್ರಷ್, ಪೇಸ್ಟ್, ಸೋಪು ಎಲ್ಲ 250, ಹವಾಯಿ ಚಪ್ಪಲಿ 300, ಟೋಪಿ, ನೋಟ್‌ಬುಕ್, ಪೆನ್ನು 250. ಲೀಟರ್ ಬಾಟಲಿ ತುಂಬಿದರೆ 1150. ಒಟ್ಟು 4 ಕೆಜಿ 450 ಗ್ರಾಂ. ಮೂರನೆಯ ದಿನ ಮತ್ತೆ ಸಮವಸ್ತ್ರ. ಒಂದು ದಿನ ಹಾಕಿದ ಸಮವಸ್ತ್ರ ಇನ್ನೊಂದು ದಿನಕ್ಕೆ ಬಂದರೆ ಯಾರ ಮಾನವೂ ಹೋಗುವುದಿಲ್ಲ.

ಈ ಲೆಕ್ಕ ಕೆಡುವುದು ಮೂರೇ ವಸ್ತುಗಳಿಂದ. ಜೀನ್ಸ್ ಒಂದೇ 600–700 ಗ್ರಾಂ, ಒದ್ದೆಯಾದರೆ ಬೆಳಗಾದರೂ ಒಣಗದು. ಟರ್ಕಿ ಟವೆಲ್ ಅರ್ಧ ಕೆಜಿ, ಮಿಂದ ಮೇಲೆ ಅದರ ಒಂದೂವರೆ ಪಟ್ಟು, ಚೀಲದೊಳಗಿನ ಮಿಕ್ಕಿದ್ದೆಲ್ಲ ತಂಡಿ. ಮೂರನೆಯದು ರಗ್ಗು.

ರಗ್ಗಿನ ವಿಷಯಕ್ಕೆ ಬಂದೆ. ಬೆಳಿಗ್ಗೆ ನಾಲ್ಕೂವರೆಗೆ ಶಾಲೆಯ ಗೇಟಿನಲ್ಲಿ ನಿಂತಾಗ ಚಳಿ ಇದ್ದೇ ಇರುತ್ತದೆ, ಅದಕ್ಕೆ ಸ್ವೆಟರ್ ಕಡ್ಡಾಯ, ಕಿವಿಗೆ ಮಫ್ಲರ್ ಸುತ್ತಿ ಕಳುಹಿಸಿ. ಆದರೆ ಹಾಸನ ಇರುವುದು ಸಮುದ್ರಮಟ್ಟದಿಂದ 950 ಮೀಟರ್ ಆಸುಪಾಸಿನಲ್ಲಿ, ಹೊಸಪೇಟೆ ಅದರ ಅರ್ಧದಷ್ಟು ಎತ್ತರದಲ್ಲಿ. ನಮ್ಮ ಚಳಿಯನ್ನು ಅಲ್ಲಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ಛತ್ರದಲ್ಲಿ ಹಾಸಲು ಜಮಖಾನ ಕೊಡುತ್ತಾರೆ, ಹೊದೆಯಲು ಬೆಡ್‌ಶೀಟು, ಮೇಲೆ ಸ್ವೆಟರು. ನಿಜಕ್ಕೂ ಉಬ್ಬಸ, ಶೀತದ ತೊಂದರೆ ಇರುವ ಮಗುವಾದರೆ ನನಗೆ ಹೇಳಿ, ಅಂಥವರಿಗೆಂದು ಶಾಲೆಯಿಂದಲೇ ಆರು ರಗ್ಗು ಒಯ್ಯುತ್ತೇವೆ. ಎಲ್ಲರಿಗೂ ರಗ್ಗು ಎಂದರೆ ಮತ್ತೆ ತುರ್ತು ಬಾಗಿಲಿನ ಮುಂದೆಯೇ ಬಂದು ಕೂರುತ್ತದೆ.

ಕೋಡುಬಳೆಯ ಮೇಲೆ ನಮಗೆ ಹಗೆಯಿಲ್ಲ. ಮೇಲಿನ ಲೆಕ್ಕದಲ್ಲಿ ಅರ್ಧ ಕೆಜಿಗೂ ಚೂರು ಹೆಚ್ಚು ಉಳಿದಿದೆ ನೋಡಿ, ಅದು ತಿಂಡಿಗೇ. ನಿಪ್ಪಟ್ಟು, ಕೋಡುಬಳೆ, ಹುರಿಗಡಲೆ ಯಾವುದಾದರೂ ಸರಿ, ಸ್ಟೀಲ್ ಡಬ್ಬಿ ಬೇಡ, ಪ್ಲಾಸ್ಟಿಕ್ ಡಬ್ಬಿ ಸಾಕು. ಚಿತ್ರಾನ್ನ, ಮೊಸರನ್ನ ಮೊದಲ ದಿನದ ಬೆಳಗಿಗೆ ಮಾತ್ರ, ಬಿಸಾಡುವ ಎಲೆಯಲ್ಲಿ ಕಟ್ಟಿ ಕೈಯಲ್ಲಿ ಕೊಡಿ. ಹಂಪಿಯಲ್ಲಿ ವಿರೂಪಾಕ್ಷ ಗುಡಿ, ಹೇಮಕೂಟದ ಸುತ್ತ ಕೋತಿಗಳಿಗೆ ಕವರಿನ ಸದ್ದು ಕೇಳಿದರೆ ಸಾಕು, ಚೀಲಕ್ಕೇ ಕೈ ಹಾಕುತ್ತವೆ. ಹಾಗಾಗಿ ತಿಂಡಿ ಬಸ್ಸಿನಿಂದ ಇಳಿಯುವುದಿಲ್ಲ.

ಇನ್ನು ತುಂಬುವ ಕ್ರಮ. ಒಂದು ದಿನದ್ದೆಲ್ಲ ಒಂದೇ ಸುರುಳಿಯಾಗಲಿ. ಪ್ಯಾಂಟನ್ನು ಉದ್ದಕ್ಕೆ ಎರಡಾಗಿ ಮಡಚಿ ಹಾಸಿ, ಅದರ ಮೇಲೆ ಅಂಗಿ, ಅದರ ಮೇಲೆ ಬನಿಯನ್, ಚಡ್ಡಿ ಇಟ್ಟು ಸೊಂಟದ ಕಡೆಯಿಂದ ಬಿಗಿಯಾಗಿ ಸುತ್ತಿ, ಕಡೆಗೆ ಸುರುಳಿಯ ಎರಡೂ ತುದಿಗೆ ಒಂದೊಂದು ಸಾಕ್ಸನ್ನು ಕುಲಾವಿಯಂತೆ ತೊಡಿಸಿದರೆ ಬಿಚ್ಚಿಕೊಳ್ಳದು. ಚೂಡಿದಾರಕ್ಕೂ ಇದೇ. ಬೇರೆ ಬೇರೆ ಇಟ್ಟರೆ ಮಗು ಒಂದು ಸಾಕ್ಸಿಗಾಗಿ ಇಡೀ ಚೀಲ ನೆಲಕ್ಕೆ ಸುರಿಯುತ್ತದೆ, ಅರ್ಧ ಅಲ್ಲೇ ಉಳಿಯುತ್ತದೆ. ಬೆಡ್‌ಶೀಟನ್ನು ಬೆನ್ನಿಗೆ ತಾಗುವಂತೆ ಚಪ್ಪಟೆ ಮಡಿಸಿ, ತಳಕ್ಕೆ ಕವರಿನಲ್ಲಿ ಚಪ್ಪಲಿ, ಅದರ ಮೇಲೆ ಎರಡನೆಯ ದಿನದ ಸುರುಳಿ, ಎಲ್ಲಕ್ಕೂ ಮೇಲೆ ರಾತ್ರಿಯದು. ಕರೆಂಟು ಹೋದರೂ ಕೈಗೆ ಸಿಗಬೇಕು. ಒದ್ದೆ ಟವೆಲಿಗೆ ಒಂದು ಖಾಲಿ ಕವರು, ವಾಂತಿಗೆ ಎರಡು, ಕೋಟೆ ಹತ್ತುವಾಗ ಬಾಟಲಿ ಹಿಡಿಯಲು ಒಂದು ಬಟ್ಟೆಯ ಕೈಚೀಲ.

ಕೊಬ್ಬರಿ ಎಣ್ಣೆ ಕಳುಹಿಸಲೇಬೇಡಿ. ಮನೆಯಲ್ಲಿ ಡಿಸೆಂಬರಿನಲ್ಲಿ ಅದು ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ, ಮುಚ್ಚಳ ಸಡಿಲವಿದ್ದರೂ ಗೊತ್ತಾಗದು. 25 ಡಿಗ್ರಿ ದಾಟಿದರೆ ಕರಗುತ್ತದೆ. ಮಧ್ಯಾಹ್ನ ಬಸ್ಸಿನ ಕಿಟಕಿಯ ಬಿಸಿಲಿಗೆ ನೀರಾಗಿ, ಹಾಕಿಕೊಳ್ಳಬೇಕಾದ ಒಂದೇ ಒಂದು ಬಣ್ಣದ ಅಂಗಿಗೆ ಇಳಿಯುತ್ತದೆ. ಹಿಂದಿನ ರಾತ್ರಿಯೇ ತಲೆಗೆ ಹಚ್ಚಿ ಕಳುಹಿಸಿ.

ವಿಠ್ಠಲ ಗುಡಿಯ ಹತ್ತಿರಕ್ಕೆ ಬಸ್ಸು ಬಿಡುವುದಿಲ್ಲ, ಸುಮಾರು ಒಂದು ಕಿಲೋಮೀಟರ್ ಮೊದಲೇ ಇಳಿಯಬೇಕು. ಹಾಗಾಗಿ ಹೊಸ ಶೂ ಬೇಡ, ಪಳಗಿದ್ದು ಸಾಕು. ಮಾತ್ರೆಗಳನ್ನು ಹೆಸರು, ಹೊತ್ತು ಬರೆದು ತರಗತಿ ಶಿಕ್ಷಕರ ಕೈಗೇ ಕೊಡಿ. ಹೆಣ್ಣುಮಕ್ಕಳ ಪ್ಯಾಡ್ ತೂಕದ ಲೆಕ್ಕಕ್ಕಿಲ್ಲ, ಮಿಸ್ ಹತ್ತಿರವೂ ಇರುತ್ತವೆ. ಮೊಬೈಲ್ ಇಲ್ಲ.

11ರ ಸಂಜೆ ನಾಲ್ಕಕ್ಕೆ ಶಾಲೆಯಲ್ಲಿ ಚೀಲ ತೂಗುತ್ತೇವೆ. ಹೆಚ್ಚಾದರೆ ಬೈಯುವುದಿಲ್ಲ, ಮಗುವೇ ಆರಿಸಿ ತೆಗೆದದ್ದನ್ನು ಮನೆಗೆ ಕಳುಹಿಸುತ್ತೇವೆ. ಅಷ್ಟರೊಳಗೆ ನೋಡಬೇಕೆಂದರೆ ಬೀದಿಯ ದಿನಸಿ ಅಂಗಡಿಯ ತಕ್ಕಡಿ ಸಾಕು.

ನಾವು ಕೇಳುವುದು ಇಷ್ಟೇ: ಚೀಲವನ್ನು ಮಗುವೇ ತುಂಬಲಿ, ನೀವು ಪಕ್ಕದಲ್ಲಿ ಕೂತಿರಿ. ಕೆಳಗಿನ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ

ವಿ.ಸೂ.: ಚಪ್ಪಲಿಯ ಅಟ್ಟೆಯ ಮೇಲೆ ಮಾರ್ಕರಿನಲ್ಲಿ ಹೆಸರು ಬರೆಯಿರಿ. ಎಲ್ಲರ ಹವಾಯಿಯೂ ನೀಲಿಯೇ.