ಮಗಳಿಗೊಂದು ಪತ್ರ: ಕ್ರಪಾವ್‌ಗೆ ತುಳಸಿ ಹಾಕಬಹುದಾ?

ಪುಟ್ಟೀ,

ಮೈಸೂರಿನ ನಿನ್ನ ರೂಮಿನಲ್ಲೇ ಪಾಡ್ ಕ್ರಪಾವ್, ಅಂದರೆ ಕ್ರಪಾವ್ ಎಲೆ ಹಾಕಿ ಹುರಿಯುವ ಥಾಯ್ ಕೈಮಾ, ಮಾಡಬೇಕು, ಅದಕ್ಕೆ ತುಳಸಿ ಹಾಕಬಹುದಾ ಅಂತ ಕೇಳಿದ್ದೀಯ. ಓದಿ ಖುಷಿಯಾಯಿತು. ಬ್ಯಾಂಕಾಕಿನಲ್ಲಿ ಬೆಳೆದವಳು ನೀನು, ಇಲ್ಲಿನ ಊಟ ನೆನಪಾಗದೇ ಇರುತ್ತದಾ?

ಇಲ್ಲಿನ ಕ್ರಪಾವ್ ಮತ್ತು ನಮ್ಮ ತುಳಸಿ ಒಂದೇ ಜಾತಿಯ ಗಿಡ. ಆದರೆ ಇಲ್ಲಿಯದಕ್ಕೆ ಲವಂಗ, ಕಾಳುಮೆಣಸಿನ ಘಾಟು ಜಾಸ್ತಿ. ನಮ್ಮದಕ್ಕೆ ಔಷಧಿಯ ವಾಸನೆ. ಅದಕ್ಕಿಂತ ಮುಖ್ಯವಾದ ಮಾತು, ಅಜ್ಜಿ ಮನೆಯ ಕಟ್ಟೆಯ ತುಳಸಿಯನ್ನು ಇದಕ್ಕೆ ಕೀಳಬೇಡ. ಅವರು ದಿನಾ ನೀರೆರೆದು ಪೂಜೆ ಮಾಡುವ ಗಿಡ ಅದು. ಅದರ ಎಲೆ ಕೋಳಿ ಕೈಮಾ ಜೊತೆ ಬಾಣಲೆಗೆ ಬಿದ್ದರೆ ಅವರಿಗೆ ನೋವಾಗುತ್ತದೆ.

ನೀನು ಕಾಮಕಸ್ತೂರಿ ಹಾಕು. ಗ್ರಂಥಿಗೆ ಅಂಗಡಿಯಲ್ಲಿ ಬೀಜ ಸಿಗುತ್ತದೆ, ಒಂದು ಕುಂಡದಲ್ಲಿ ಉದುರಿಸಿ ನೀರು ಚಿಮುಕಿಸಿದರೆ ಸುಲಭವಾಗಿ ಮೊಳೆಯುತ್ತದೆ. ರುಚಿ ಸ್ವಲ್ಪ ಸಿಹಿಯ ಕಡೆಗೆ ಹೋಗುತ್ತದೆ, ಕ್ರಪಾವ್‌ನಷ್ಟು ಖಡಕ್ ಅಲ್ಲ. ಆದರೂ ಚೆನ್ನಾಗಿರುತ್ತದೆ.

ಒಬ್ಬಳಿಗೆ 150 ಗ್ರಾಂ ಕೈಮಾ ಸಾಕು. ಬೆಳ್ಳುಳ್ಳಿ 5 ಎಸಳು, ಸೂಜಿ ಮೆಣಸು 4. ಇವೆರಡನ್ನೂ ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟು. ಮಿಕ್ಸಿಗೆ ಹಾಕಿದರೆ ನುಣ್ಣಗಾಗಿ ನೀರು ಬಿಡುತ್ತದೆ, ಎಣ್ಣೆಯಲ್ಲಿ ಸರಿಯಾಗಿ ಹುರಿಯುವುದಿಲ್ಲ. ಒಂದು ಬಟ್ಟಲಲ್ಲಿ ಆಯ್ಸ್ಟರ್ ಸಾಸ್ (ಸಿಂಪಿಯ ಸಾರದಿಂದ ಮಾಡಿದ ಗಟ್ಟಿ ಸಾಸ್) ಒಂದು ದೊಡ್ಡ ಚಮಚ, ಫಿಶ್ ಸಾಸ್ ಒಂದು ಚಿಕ್ಕ ಚಮಚ, ಸೋಯಾ ಸಾಸ್ ಅರ್ಧ ಚಿಕ್ಕ ಚಮಚ, ಅಷ್ಟೇ ಸಕ್ಕರೆ ಕಲಸಿಡು. ಉಪ್ಪು ಬೇಡ. ಫಿಶ್ ಸಾಸ್ ಅಂದರೆ ಸಣ್ಣ ಮೀನು ಮತ್ತು ಉಪ್ಪನ್ನು ತಿಂಗಳುಗಟ್ಟಲೆ ಹುದುಗಿಸಿ ತೆಗೆದ ರಸ, ಉಪ್ಪೆಲ್ಲ ಅದರಲ್ಲೇ ಇದೆ. ಅನ್ನವನ್ನೂ ಉಪ್ಪಿಲ್ಲದೆ ಮೊದಲೇ ಮಾಡಿಟ್ಟುಕೋ. ಒಲೆ ಹಚ್ಚಿದ ಮೇಲೆ ಯಾವುದನ್ನೂ ಹುಡುಕಲು ಪುರುಸೊತ್ತು ಇರುವುದಿಲ್ಲ.

ನಾನ್‌ಸ್ಟಿಕ್ ಬೇಡ, ಕಬ್ಬಿಣದ ಬಾಣಲೆ ತಗೋ. ಬಾಣಲೆಯಲ್ಲಿ ಹೀಗೆ ದೊಡ್ಡ ಉರಿಯ ಮೇಲೆ ಹುರಿಯುವುದನ್ನು ಇಲ್ಲಿಗೆ ತಂದವರು ಚೀನಾದಿಂದ ಬಂದು ನೆಲೆಸಿದವರು. ಆ ಉರಿಯೇ ಈ ಅಡುಗೆಯ ಜೀವ. ಮೊದಲು ಜಾಸ್ತಿ ಎಣ್ಣೆಯಲ್ಲಿ ಮೊಟ್ಟೆ ಒಡೆದು ಹಾಕಿ, ಕಾದ ಎಣ್ಣೆಯನ್ನೇ ಅದರ ಮೇಲೆ ಚಮಚದಲ್ಲಿ ಸುರಿ. ಅಂಚು ಕಂದು ಬಣ್ಣಕ್ಕೆ ಬಂದು ಗರಿಗರಿಯಾಗಬೇಕು, ಹಳದಿ ಮೆತ್ತಗಿರಬೇಕು. ಅದನ್ನು ತೆಗೆದಿಟ್ಟು, ಎರಡು ಚಮಚ ಎಣ್ಣೆ ಮಾತ್ರ ಉಳಿಸಿಕೊಂಡು ಕುಟ್ಟಿದ್ದನ್ನು ಹಾಕು. ಘಾಟಿಗೆ ಕೆಮ್ಮು ಬರುತ್ತದೆ, ಕಿಟಕಿ ತೆರೆದಿಡು.

ಘಮ ಬಂದ ತಕ್ಷಣ ಕೈಮಾ. ಉಂಡೆ ಒಡೆಯುತ್ತಾ ಹುರಿ, ಮುಚ್ಚಳ ಮುಚ್ಚಲೇಬೇಡ. ಗೆಳತಿಯರು ಬಂದರೆಂದು ಮೂರು ಜನರದ್ದು ಒಟ್ಟಿಗೆ ಸುರಿಯಬೇಡ. ಬಾಣಲೆ ತಣ್ಣಗಾಗಿ ಮಾಂಸ ನೀರು ಬಿಡುತ್ತದೆ, ಆಮೇಲೆ ಅದು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಒಂದೊಂದೇ ತಟ್ಟೆಗೆ ಮಾಡು, ಇಲ್ಲಿ ರಸ್ತೆ ಬದಿಯಲ್ಲಿ ಮಾಡುವುದೂ ಹಾಗೇ. ಮಾಂಸ ಪೂರ್ತಿ ಬೆಂದು ನೀರು ಆರಿದ ಮೇಲೆ ಸಾಸ್ ಹಾಕಿ ಅರ್ಧ ನಿಮಿಷ ತಿರುವು. ಒಲೆ ಆರಿಸು. ಆಗ ಒಂದು ದೊಡ್ಡ ಹಿಡಿ ಎಲೆ ಹಾಕಿ ಎರಡು ಸಲ ಕೈಯಾಡಿಸು, ಅಷ್ಟೇ. ಬಿಸಿಗೆ ಎಲೆ ಬಾಡಿದರೆ ಸಾಕು. ಮೊದಲೇ ಹಾಕಿದರೆ ಘಮವೆಲ್ಲ ಹೊಗೆಯ ಜೊತೆ ಹೋಗಿಬಿಡುತ್ತದೆ.

ಈರುಳ್ಳಿ, ಕ್ಯಾಪ್ಸಿಕಂ, ಕ್ಯಾರೆಟ್ ಬೇಡ. ಇಲ್ಲೂ ಕೆಲವರು ಉದ್ದನೆಯ ಅಲಸಂದೆ ಕಾಯಿ, ಈರುಳ್ಳಿ ಹಾಕುತ್ತಾರೆ. ಅದರ ಬಗ್ಗೆ ಜಗಳವೇ ನಡೆಯುತ್ತದೆ. ನಾನು ಹಾಕದವರ ಪಕ್ಷ. ಎಲೆಯ ರುಚಿಗೆ ಬೇರೆ ಯಾವುದೂ ಅಡ್ಡ ಬರಬಾರದು.

ಮಾಂಸ ತಿನ್ನದ ಗೆಳತಿಗೆ ಅಣಬೆ ಮತ್ತು ಗಟ್ಟಿ ತೋಫು (ಸೋಯಾ ಪನೀರ್) ಸಣ್ಣಗೆ ಹೆಚ್ಚಿ ಹೀಗೇ ಮಾಡು. ಅವಳದ್ದಕ್ಕೆ ಫಿಶ್ ಸಾಸ್, ಆಯ್ಸ್ಟರ್ ಸಾಸ್ ಎರಡೂ ಬಿಟ್ಟು ಸೋಯಾ ಜಾಸ್ತಿ ಹಾಕು. ಬಾಣಲೆ ತೊಳೆದು ಅವಳದ್ದನ್ನೇ ಮೊದಲು ಮಾಡು. ಅವಳು ಮೊಟ್ಟೆ ತಿನ್ನುತ್ತಾಳಾ ಅಂತಲೂ ಕೇಳಿಕೋ.

ನಿನ್ನ
ಅಮ್ಮ