ನಮ್ಮ ಹೆಸರಿನ ಬಾಲಕ್ಕೆ 'ಕಾಮ' ಯಾಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಡಿ.ಟಿ.ಪಿ. ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷ ಆಯಿತು. ಯಾವ ಬೀದಿ ಅಂತ ಹೇಳುವುದಿಲ್ಲ. ಹೇಳಿದರೆ ಕೆಳಗೆ ಹೆಸರು ಬರೆಯದೇ ಇರುವುದಕ್ಕೆ ಅರ್ಥವೇ ಇರುವುದಿಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಅಡಿಕೆ ಮಂಡಿಯ ಬಿಲ್ ಪುಸ್ತಕ, ಬಾಡಿಗೆ ಕರಾರು, ಏನು ತಂದರೂ ಟೈಪ್ ಮಾಡಿಕೊಡುತ್ತೇನೆ. ಬೇರೆಯವರ ಕಾಗುಣಿತ ತಿದ್ದುವುದೇ ಹೊಟ್ಟೆಪಾಡು. ಹಾಗಾಗಿ ಪೇಪರ್ ಓದುವಾಗಲೂ ನನ್ನ ಕಣ್ಣಿಗೆ ಮೊದಲು ಬೀಳುವುದು ಪದ, ಆಮೇಲೆ ಸುದ್ದಿ.

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಮನೆ ಬಿಟ್ಟು ಹೋಗಿದ್ದ ಇಬ್ಬರು ಹುಡುಗಿಯರ ಸುದ್ದಿ ಇತ್ತು. 'ಸಲಿಂಗಕಾಮಿ ಯುವತಿಯರು ಪತ್ತೆ' ಅಂತ ಶೀರ್ಷಿಕೆ. ಪತ್ತೆ! ಕಳವಾದ ಬೈಕಿಗೂ ಇದೇ ಪದ. ಇಬ್ಬರಿಗೂ ಇಪ್ಪತ್ತು ದಾಟಿದೆ ಎಂದು ಸುದ್ದಿಯಲ್ಲೇ ಬರೆದಿದ್ದೀರಿ. ಅದೇ ಪುಟದ ಕೆಳಗೆ ಇನ್ನೊಂದು ಸುದ್ದಿ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಜಾತಿ ಬೇರೆ, ಠಾಣೆಯಲ್ಲೇ ಹಾರ ಬದಲಿಸಿದ್ದಾರೆ. ಅಲ್ಲಿ ನಿಮ್ಮ ಶೀರ್ಷಿಕೆ 'ಪ್ರೇಮಿಗಳು ಒಂದಾದರು'. ಮೇಲಿನವರು ಕಾಮಿಗಳು, ಕೆಳಗಿನವರು ಪ್ರೇಮಿಗಳು. ಎರಡು ಸುದ್ದಿಗಳ ನಡುವೆ ಒಂದು ಟಯರ್ ಅಂಗಡಿಯ ಜಾಹೀರಾತು ಬಿಟ್ಟರೆ ಬೇರೇನೂ ಇರಲಿಲ್ಲ.

ಕಾಮ ಕೆಟ್ಟ ಪದ ಅಂತ ನಾನು ಹೇಳುತ್ತಿಲ್ಲ. ಧರ್ಮ, ಅರ್ಥ, ಕಾಮ, ಮೋಕ್ಷ ಅಂತ ನಾಲ್ಕರಲ್ಲಿ ಅದೂ ಒಂದು. ಮದುವೆ ಮಂಟಪದಲ್ಲೇ ಪುರೋಹಿತರು ಧರ್ಮೇ ಚ, ಅರ್ಥೇ ಚ, ಕಾಮೇ ಚ ಅಂತ ಗಂಡಿನ ಬಾಯಲ್ಲಿ ಹೇಳಿಸುತ್ತಾರೆ. ಆದರೂ ಇಷ್ಟು ವರ್ಷದಲ್ಲಿ ನಾನು ಟೈಪ್ ಮಾಡಿದ ಸಾವಿರಾರು ಲಗ್ನಪತ್ರಿಕೆಗಳಲ್ಲಿ ಯಾರ ಹೆಸರಿಗೂ ಆ ಪದ ಅಂಟಿಸಿಲ್ಲ. ಗಂಡಿಗೆ ಚಿ|| ರಾ||, ಹೆಣ್ಣಿಗೆ ಚಿ|| ಕುಂ|| ಸೌ||. ಎರಡು ಗೆರೆಯಲ್ಲಿ ಒಂದು ಕಡಿಮೆಯಾದರೂ ಹುಡುಗಿಯ ಸೋದರಮಾವ ಪ್ರೂಫ್ ವಾಪಸ್ ತರುತ್ತಾನೆ. ಮದುವೆಯಾಗುವವರ ಹೆಸರಿಗೆ ಇಷ್ಟು ನಾಜೂಕು ಮಾಡುವ ಕನ್ನಡದಲ್ಲಿ ನಮ್ಮ ಹೆಸರು ಬಂದರೆ ಮಾತ್ರ ನೇರ ಹಾಸಿಗೆಗೇ ಹೋಗುತ್ತೀರಲ್ಲ, ಯಾಕೆ?

'ನಮ್ಮ' ಅಂದೆ. ಹೌದು, ನಾನೂ ಸಲಿಂಗಿ. ವಯಸ್ಸು 47, ಊರು ತೀರ್ಥಹಳ್ಳಿ ತಾಲ್ಲೂಕು, ಮದುವೆಯಾಗಿಲ್ಲ. ಇದರಲ್ಲಿ ಒಂದು ತಮಾಷೆ ಇದೆ. ಮಲೆನಾಡಿನಲ್ಲಿ ಅಡಿಕೆ ತೋಟ ಇರುವ ಮನೆಯ ಗಂಡಿಗೆ ನಲವತ್ತಾದರೂ ಮದುವೆ ಆಗಿಲ್ಲ ಅಂದರೆ ಯಾರಿಗೂ ಅನುಮಾನವೇ ಬರುವುದಿಲ್ಲ. 'ಪಾಪ, ಹೆಣ್ಣು ಸಿಗ್ಲಿಲ್ಲ' ಅಂತಾರೆ. ನಮ್ಮ ಕೇರಿಯಲ್ಲೇ ನನ್ನನ್ನೂ ಸೇರಿಸಿ ಹೀಗೆ ಉಳಿದವರು ನಾಲ್ಕು ಜನ ಇದ್ದೇವೆ. ಉಳಿದ ಮೂವರಿಗೆ ನಿಜಕ್ಕೂ ಹೆಣ್ಣು ಸಿಕ್ಕಿಲ್ಲ. ಅವರ ದುಃಖದ ನೆರಳಲ್ಲಿ ನಾನು ಆರಾಮಾಗಿ ಇದ್ದುಬಿಟ್ಟೆ.

2018ರ ಸೆಪ್ಟೆಂಬರ್ 6 ಚೆನ್ನಾಗಿ ನೆನಪಿದೆ. ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ, ಬ್ರಿಟಿಷರು 1860ರಲ್ಲಿ ಬರೆದಿಟ್ಟ ದಂಡಸಂಹಿತೆಯ 377ನೇ ಕಲಮು ಒಪ್ಪಿ ಕೂಡುವ ವಯಸ್ಕರಿಗೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು ಹೇಳಿದ ದಿನ. ಗಣಪತಿ ಹಬ್ಬಕ್ಕೆ ಒಂದು ವಾರ ಇತ್ತು. ಸಮಿತಿಯ ಹುಡುಗರು ಚಂದಾ ರಸೀದಿ ಪುಸ್ತಕದ ಪ್ರೂಫ್ ನೋಡಲು ಬಂದಿದ್ದರು. ಎದುರಿನ ಹೋಟೆಲ್ಲಿನ ಟಿ.ವಿ.ಯಲ್ಲಿ ಕೆಂಪು ಪಟ್ಟಿ ಓಡುತ್ತಿತ್ತು, ಅದರಲ್ಲೂ ಇದೇ ಪದ. ಹುಡುಗರು ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿ ನಕ್ಕರು. ನಾನೂ ನಕ್ಕೆ. ಏನು ಮಾಡೋದು, ಕೈಯಲ್ಲಿ ಅವರ ಪ್ರೂಫ್ ಇತ್ತು. ಮಾರನೆಯ ದಿನ ಪೇಪರಿನಲ್ಲಿ ಓದಿದೆ. ಈ ಜನರಲ್ಲೂ ಇವರ ಕುಟುಂಬದವರಲ್ಲೂ ಇತಿಹಾಸ ಕ್ಷಮೆ ಕೇಳಬೇಕಿದೆ ಎಂಬ ಮಾತನ್ನು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದಿದ್ದರು. ಕುಟುಂಬದವರಲ್ಲೂ! ನನಗೆ ಅಮ್ಮನ ನೆನಪಾಯಿತು. ಆ ಸಾಲನ್ನು ಕತ್ತರಿಸಿ ಕ್ಯಾಷ್ ಡ್ರಾಯರಿನ ತಳದಲ್ಲಿ ಇಟ್ಟಿದ್ದೇನೆ, ಈಗಲೂ ಇದೆ.

ಅದಕ್ಕೂ ಮೊದಲು, 2013ರ ನವೆಂಬರ್‌ನಲ್ಲಿ ಒಮ್ಮೆ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನಲ್ಲಿ ನಮ್ಮಂಥವರು ನಡೆಸುವ ಪ್ರೈಡ್ ಮೆರವಣಿಗೆಗೆ ಹೋಗಿದ್ದೆ. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡಿದ್ದೆ. ಮೆರವಣಿಗೆಯಲ್ಲಿ ಒಬ್ಬ ಹುಡುಗನ ಕೈಯ ಫಲಕದಲ್ಲಿ 'ಪ್ರಿತಿಗೆ ಲಿಂಗವಿಲ್ಲ' ಅಂತ ಇತ್ತು. ಪ್ರೀತಿಗೆ ದೀರ್ಘವೂ ಇರಲಿಲ್ಲ. ತಡೆದುಕೊಳ್ಳಲಾಗಲಿಲ್ಲ. ಕರ್ಚೀಫ್ ಇಳಿಸಿ, ಸ್ಕೆಚ್ ಪೆನ್ ಇಸಕೊಂಡು ದೀರ್ಘ ಹಾಕಿದೆ. ಕಾಗುಣಿತಕ್ಕೋಸ್ಕರ ಮುಖ ತೋರಿಸಿದ ಪುಣ್ಯಾತ್ಮ ನಾನೊಬ್ಬನೇ ಇರಬೇಕು. ತಿಂಗಳು ತುಂಬುವ ಮೊದಲೇ, ಡಿಸೆಂಬರ್ 11ಕ್ಕೆ, ಸುಪ್ರೀಂ ಕೋರ್ಟು 377 ಇರಲಿ ಅಂದುಬಿಟ್ಟಿತು. ಮತ್ತೆ ಐದು ವರ್ಷ ಬಾಯಿ ಮುಚ್ಚಿಕೊಂಡೆ.

ಈಗ ತಿಂಗಳಿಗೊಂದು ಭಾನುವಾರ ನನ್ನ ಅಂಗಡಿಯಲ್ಲಿ ಶಟರ್ ಅರ್ಧ ಎಳೆದು ಆರೇಳು ಜನ ಕೂರುತ್ತೇವೆ. ಸಂಘ ಅನ್ನುವಷ್ಟು ದೊಡ್ಡದಲ್ಲ, ಬೋರ್ಡಿಲ್ಲ, ಬ್ಯಾನರಿಲ್ಲ. ಮಳೆಗಾಲದಲ್ಲಿ ಮೂರೇ ಜನ ಬಂದದ್ದೂ ಇದೆ. ಬೆಂಗಳೂರಿನವರಿಗೆ ಮೂವತ್ತು ವರ್ಷದಿಂದ ಕೂತು ಮಾತಾಡಲು ಜಾಗ, ಗುಂಪು, ಸಂಸ್ಥೆ ಇವೆ. ಹೊಸನಗರದ ಹುಡುಗ ಮಾತಾಡಬೇಕು ಅಂದರೆ ಎಲ್ಲಿಗೆ ಹೋಗಬೇಕು? ಅದಕ್ಕೇ ಒಂದು ಕರಪತ್ರ ಮಾಡೋಣ ಅಂತ ಹೊರಟೆವು. ಒಂದೇ ಹಾಳೆ, ಎರಡು ಮಡಿಕೆ. ಕಾಲೇಜಿಗೆ, ಆಸ್ಪತ್ರೆಗೆ, ಆಶಾ ಕಾರ್ಯಕರ್ತೆಯರಿಗೆ ಕೊಡಲು. ಕಾಗದ, ಅಚ್ಚು ನನ್ನ ಲೆಕ್ಕ. ವಿಷಯ ಬರೆಯಲು ಒಂದು ಗಂಟೆ ಸಾಕಾಯಿತು. ಮೇಲೆ ಏನಂತ ಹೆಸರು ಹಾಕಬೇಕು ಅನ್ನುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು!

ಹೊಸನಗರದ ಹುಡುಗ 'ಕ್ವಿಯರ್ ಅಂತ ಕನ್ನಡದಲ್ಲೇ ಬರೆಯಿರಿ ಸಾರ್, ಎಲ್ರಿಗೂ ಗೊತ್ತಾಗತ್ತೆ' ಅಂದ. ನಮ್ಮಂಥವರೆಲ್ಲರಿಗೂ ಸೇರಿ ಇಂಗ್ಲಿಷಿನಲ್ಲಿರುವ ಪದ ಅದು. ಯಾರಿಗೂ ಗೊತ್ತಾಗಲ್ಲ ಅಂತ ನಾನು. 'ಲೈಂಗಿಕ ಅಲ್ಪಸಂಖ್ಯಾತರು' ಅಂದರೆ ಅರ್ಜಿ ಫಾರಂ ಥರ ಕೇಳಿಸುತ್ತದೆ ಅಂತ ಇನ್ನೊಬ್ಬರು. ಸೊರಬದ ಕಡೆಯಿಂದ ಬರುವ, ಎಲ್ಲಮ್ಮ ದೇವಿಯ ಸೇವೆಗೆ ನಿಂತ ಜೋಗಪ್ಪ ಒಬ್ಬರಿದ್ದಾರೆ, ಅರವತ್ತು ದಾಟಿದವರು. 'ನಮಗೆ ಅಮ್ಮ ಕೊಟ್ಟ ಹೆಸರಿದೆ, ನಿಮ್ಮ ಪಂಚಾಯ್ತಿ ನೀವು ನೋಡ್ಕಳಿ' ಅಂತ ಎಲೆಅಡಿಕೆ ಹಾಕಿಕೊಂಡರು. 'ಮಂಗಳಮುಖಿ' ಗೌರವದ ಪದ ಅಲ್ಲವಾ ಅಂತ ನಾನು ಕೇಳಿದ್ದಕ್ಕೆ ನಮ್ಮ ಗುಂಪಿನ ಒಬ್ಬ ಟ್ರಾನ್ಸ್ ಮಹಿಳೆ ಹೇಳಿದರು: 'ಅಣ್ಣಾ, ಬೆಳಿಗ್ಗೆ ಎದುರಿಗೆ ಸಿಕ್ಕರೆ ಮಂಗಳ ಅಂತಾರೆ, ಸಂಜೆ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕ್ತಾರೆ. ನನ್ನನ್ನು ಹೆಣ್ಣು ಅಂತ ಬರೀರಿ ಸಾಕು.' ಜೋಗತಿ ನೃತ್ಯದ ಕಲಾವಿದೆ, ಟ್ರಾನ್ಸ್ ಮಹಿಳೆ ಮಂಜಮ್ಮ ಜೋಗತಿ ಅವರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಳ್ಳುವ ಮುಂಚೆ ಸೆರಗಿನಿಂದ ರಾಷ್ಟ್ರಪತಿಯವರ ದೃಷ್ಟಿ ತೆಗೆದ ವಿಡಿಯೋ ನೆನಪಿದೆಯಲ್ಲ? ನನಗೆ ಅದನ್ನು ವಾಟ್ಸಾಪಿನಲ್ಲಿ ಕಳಿಸಿದ ಗಿರಾಕಿಯೇ ನಮ್ಮ ಗುಂಪಿನ ಈ ಮಹಿಳೆ ಅಂಗಡಿಗೆ ಬಂದಾಗ ಸ್ಟೂಲು ಹಿಂದಕ್ಕೆ ಎಳೆದುಕೊಂಡು ಕೂತ.

ಇದೇ ಮಹಿಳೆ ಎರಡು ವರ್ಷದ ಹಿಂದೆ ಗುರುತಿನ ಪ್ರಮಾಣಪತ್ರಕ್ಕೆ ಆನ್‌ಲೈನ್ ಅರ್ಜಿ ಹಾಕಿಸಲು ಬಂದಿದ್ದರು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2019ರ ಕಾಯ್ದೆಯಂತೆ ಅದನ್ನು ಜಿಲ್ಲಾಧಿಕಾರಿ ಕೊಡಬೇಕಿತ್ತು. ನೋಟರಿ ಅಫಿಡವಿಟ್ಟು ಬೇಕಿತ್ತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ನೇಮಕಾತಿಯಲ್ಲಿ ಇವರಂಥವರಿಗೆ ಶೇಕಡಾ 1 ಮೀಸಲಾತಿ ತಂದಿದೆಯಲ್ಲ, ಡಿಗ್ರಿ ಮುಗಿಸಿದ ಇವರಿಗೆ ಅದರ ಮೇಲೆ ಕಣ್ಣು. ಅರ್ಜಿಯಲ್ಲಿ ಹುಟ್ಟಿದಾಗಿನ ಹೆಸರಿಗೆ ಒಂದು ಕಾಲಂ, ಆರಿಸಿಕೊಂಡ ಹೆಸರಿಗೆ ಇನ್ನೊಂದು. ಎರಡನೆಯದನ್ನು ನಾನು ಟೈಪ್ ಮಾಡುವಾಗ ಅವರು ಎದ್ದು ಬಂದು ನನ್ನ ಹಿಂದೆ ನಿಂತರು. ಕೆಲಸ ಮುಗಿದ ಮೇಲೆ, 'ಅಣ್ಣಾ, ಆ ಹೆಸರು ಮಾತ್ರ ದೊಡ್ಡದಾಗಿ ಒಂದು ಪ್ರಿಂಟ್ ಕೊಡ್ತೀರಾ?' ಅಂದರು. ಎ4 ಹಾಳೆಯ ಮಧ್ಯೆ, 72 ಪಾಯಿಂಟಿನಲ್ಲಿ, ದಪ್ಪ ಅಕ್ಷರದಲ್ಲಿ ಹೊಡೆದುಕೊಟ್ಟೆ. ಶಾಯಿ ಒರೆಸಿಹೋಗುತ್ತದೋ ಅಂತ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿ ನೋಡಿದರು. ಹೋಗಲಿಲ್ಲ, ಲೇಸರ್ ಪ್ರಿಂಟು. ಹತ್ತು ರೂಪಾಯಿ ಕೊಟ್ಟರು, ತಗೊಂಡೆ.

ಇಂಥವರ ಸುದ್ದಿ ಬರೆಯುವಾಗ ನಿಮ್ಮ ವರದಿಗಾರರು 'ಬಂದ', 'ಹೇಳಿದ' ಅಂತ ಬರೆಯುತ್ತಾರೆ. ಕನ್ನಡದಲ್ಲಿ ಕ್ರಿಯಾಪದವೇ ಗಂಡೋ ಹೆಣ್ಣೋ ಹೇಳಿಬಿಡುತ್ತದೆ, ನಿಜ. ಆದರೆ ನಮ್ಮಲ್ಲಿ 'ಬಂದರು' ಇದೆಯಲ್ಲ! ಶಾಸಕರಿಗೆ, ಸ್ವಾಮೀಜಿಗೆ, ಬೀಗರಿಗೆ ದಿನಾ ಬಳಸುತ್ತೇವೆ. ಗಂಡು, ಹೆಣ್ಣು ಎರಡಕ್ಕೂ ಹೊಂದುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ನಮ್ಮಂಥವರ ಮದುವೆಯ ವಿಷಯ ಜಾಸ್ತಿ ಹೇಳುವುದಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಅದಕ್ಕೆ ಮಾನ್ಯತೆ ಕೊಡುವುದು ಸಂಸತ್ತಿನ ಕೆಲಸ ಅಂದಿತು, ಅಲ್ಲಿಗೆ ನಿಂತಿದೆ. ಲಗ್ನಪತ್ರಿಕೆ ಟೈಪ್ ಮಾಡುವವನಿಗೆ ಅದೊಂದು ಲಗ್ನಪತ್ರಿಕೆ ಮಾತ್ರ ಇಲ್ಲ. ನಾನು, ನನ್ನ ಜೊತೆಗಾರ ಒಟ್ಟಿಗೆ ಇದ್ದು ಒಂಬತ್ತು ವರ್ಷ. 2024ರ ಆಗಸ್ಟ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ನಮ್ಮಂಥವರು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಓದಿ ಖುಷಿಯಾಗಿ ಬ್ಯಾಂಕಿಗೆ ಹೋದೆವು. ಅರ್ಜಿಯಲ್ಲಿ 'ಸಂಬಂಧ' ಅಂತ ಒಂದು ಕಾಲಂ. ಪೆನ್ನು ಹಿಡಿದು ಎಷ್ಟು ಹೊತ್ತು ಕೂತೆನೋ, ಕೌಂಟರಿನ ಹುಡುಗಿ 'ಏನಾದ್ರೂ ಬರೀರಿ ಸಾರ್, ಖಾಲಿ ಬಿಟ್ರೆ ಸಿಸ್ಟಮ್ ತಗೊಳಲ್ಲ' ಅಂದಳು. 'ಸ್ನೇಹಿತ' ಅಂತ ಬರೆದೆ. ಸುಳ್ಳಲ್ಲ. ಆದರೆ ಹೊರಗೆ ಬಂದು ಕಾಫಿ ಕುಡಿಯುವಾಗ ಅವನು ಮಾತಾಡಲಿಲ್ಲ.

ಅದಕ್ಕೇ ಪದದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೇನೆ. 'ಸಲಿಂಗ ಪ್ರೇಮಿ' ಅನ್ನಿ, ಇಲ್ಲವೇ 'ಸಲಿಂಗಿ' ಅನ್ನಿ, ಆಗ ಶೀರ್ಷಿಕೆಯಲ್ಲಿ ಎರಡಕ್ಷರ ಜಾಗವೂ ಉಳಿಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಹುಡುಗಿಯರ ಸುದ್ದಿಯಲ್ಲಿ ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಹಾಕಿದ್ದೀರಿ. ಹನ್ನೆರಡು ಮನೆಯ ಊರದು. ಡೇರಿಗೆ ಹಾಲು ಹಾಕಲು ಹೋದಾಗ ಆ ಅಪ್ಪನನ್ನು ಯಾರು ಏನು ಕೇಳಿರುತ್ತಾರೆ, ಅವನು ಮನೆಗೆ ಬಂದು ಮಗಳ ಮುಂದೆ ಹೇಗೆ ನಿಂತಿರುತ್ತಾನೆ ಅಂತ ನಾನು ಊಹಿಸಬಲ್ಲೆ. ವಯಸ್ಕ ಹುಡುಗಿಯರನ್ನು ಹೆತ್ತವರಿಗೆ 'ಒಪ್ಪಿಸಲಾಯಿತು' ಅಂತಲೂ ಇದೆ. ಅವರು ಒಪ್ಪಿದರಾ ಅಂತ ನಿಮ್ಮ ವರದಿಗಾರರು ಕೇಳಿದ್ದರೆ ಚೆನ್ನಾಗಿತ್ತು. ಈಗಲಾದರೂ ಅವರ ಕ್ಷೇಮ ವಿಚಾರಿಸಿ, ಹೆಸರು ಹಾಕದೆ.

ನನ್ನ ಹೆಸರು, ವಿಳಾಸ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ, ನಿಮಗೆ ಮಾತ್ರ. ನನಗೋಸ್ಕರ ಮುಚ್ಚಿಟ್ಟದ್ದಲ್ಲ. ನನ್ನ ಜೊತೆಗಾರ ಶಾಲೆಯ ಮೇಷ್ಟ್ರು, ಹೊರಗೆ ಹೇಳುವುದು ಬಿಡುವುದು ಅವನಿಗೆ ಸೇರಿದ್ದು. ಊರಲ್ಲಿ ಅಮ್ಮ ನಿಮ್ಮ ಪತ್ರಿಕೆಯನ್ನೇ ಓದುತ್ತಾಳೆ. ಹನ್ನೊಂದರ ಬಸ್ಸಿಗೆ ಬರುತ್ತದೆ. ಭವಿಷ್ಯ ನೋಡಿ, ಆಮೇಲೆ ವಾಚಕರ ಪತ್ರ ಓದುತ್ತಾಳೆ. ದೀರ್ಘದ ಕಥೆ ಓದಿದರೆ ಬರೆದವನು ಯಾರು ಅಂತ ಅವಳಿಗೆ ಗೊತ್ತಾಗಿಬಿಡಬಹುದು, ಚಿಕ್ಕಂದಿನಲ್ಲಿ ಕಾಪಿ ಪುಸ್ತಕ ತಿದ್ದಿಸಿದವಳು ಅವಳೇ. ಆ ಸಾಲು ಕತ್ತರಿಸೋಣ ಅಂದುಕೊಂಡೆ. ಬೇಡ, ಇರಲಿ. ಪತ್ರ ಯಾವ ದಿನ ಹಾಕುತ್ತೀರಿ ಅಂತ ಮೊದಲೇ ಒಂದು ಫೋನ್ ಮಾಡಿದರೆ ಉಪಕಾರವಾಗುತ್ತದೆ.

ಇಂತಿ,
ಹೆಸರು ಬೇಡ, ಶಿವಮೊಗ್ಗ