ಕುದುರೆ ಓದು ಅಂದ್ರೆ ರೇಸ್ ಅಲ್ಲ

ಮಾನ್ಯರೇ,

ನಮ್ಮದು ಕುಣಿಗಲ್. ಟಿಪ್ಪು ಕಾಲದಲ್ಲೇ ಸೈನ್ಯಕ್ಕೆ ಕುದುರೆ ಸಾಕಿದ ಊರು. ಇಲ್ಲಿ ಕುದುರೆ ತಳಿ ಬೆಳೆಸುವ ಸ್ಟಡ್ ಫಾರಂ ಗೊತ್ತಿಲ್ಲದ ಮಕ್ಕಳಿಲ್ಲ. ಆದರೂ ಕಳೆದ ತಿಂಗಳು ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ನನ್ನ ಮಗಳು ಎದ್ದು ನಿಂತು, ‘ಕುದುರೆ ಬಗ್ಗೆ ಓದ್ಬೇಕು ಸಾರ್, ಎಲ್ಲಿ ಸೇರ್ಬೇಕು?’ ಎಂದಾಗ ಎಲ್ಲರೂ ನಕ್ಕರು. ‘ರೇಸ್ ಆಡೋಕೇನಮ್ಮಾ?’ ಎಂದರು ವೇದಿಕೆ ಮೇಲಿದ್ದವರು. ಅಷ್ಟೇ ಉತ್ತರ.

ಆಮೇಲೆ ಅಮ್ಮ ಮಗಳು ಕೂತು ಹುಡುಕಿದೆವು. ಇಂಗ್ಲೆಂಡಿನ ಹಾರ್ಟ್‌ಪುರಿ, ವೇಲ್ಸ್‌ನ ಅಬರಿಸ್ಟ್‌ವಿತ್, ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಈಕ್ವೈನ್ ಸೈನ್ಸ್, ಅಂದರೆ ಕುದುರೆ ವಿಜ್ಞಾನ, ಓದಬಹುದು. ಮೇವು, ತಳಿ, ನಡಿಗೆ, ಸ್ವಭಾವ ಎಲ್ಲವೂ ಪಾಠ. ಓದಿದವರು ಸ್ಟಡ್ ಫಾರಂ, ಮೇವಿನ ಕಂಪನಿ, ಸವಾರಿ ಶಾಲೆ ಸೇರುತ್ತಾರೆ. ಆದರೆ ಆ ಡಿಗ್ರಿ ಹಿಡಿದು ಕುದುರೆಗೆ ಚಿಕಿತ್ಸೆ ಕೊಡುವಂತಿಲ್ಲ. ಲಕ್ಷಗಟ್ಟಲೆ ಫೀಸು ಕಟ್ಟುವ ಮುಂಚೆ ಇದು ಗೊತ್ತಿರಬೇಕು, ಅಲ್ವಾ? ಡಾಕ್ಟರೇ ಆಗಬೇಕಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ. ಇಂಟರ್ನ್‌ಶಿಪ್ ಸೇರಿ 5.5 ವರ್ಷ. ಮುಂದೆ ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ರಿಮೌಂಟ್ ವೆಟರ್ನರಿ ಕೋರ್, ಹಿಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ, ರೇಸ್ ಕ್ಲಬ್ಬುಗಳಲ್ಲಿ ದಾರಿಯಿದೆ.

ನನ್ನನ್ನು ಜಾಸ್ತಿ ಕಾಡುವುದು ಡಿಗ್ರಿ ಅಲ್ಲ, ಲಾಳ ಕಟ್ಟುವ ಕೆಲಸ. ಹೋದ ವರ್ಷ ನೆಂಟರ ಮದುವೆ ಮೆರವಣಿಗೆಗೆ ಬಂದ ಕುದುರೆ ಕುಂಟುತ್ತಿತ್ತು. ಲಾಳ ಕಟ್ಟುವ ಅಜ್ಜ ಬಂದರು. ಕಾಲು ಎತ್ತಿ ಮಂಡಿ ಮಧ್ಯೆ ಸಿಗಿಸಿಕೊಂಡು ಒಂದೊಂದೇ ಮೊಳೆ ಮೇಲೆ ಮೆಲ್ಲಗೆ ತಟ್ಟಿದರು. ಮೂರನೇ ಮೊಳೆಗೆ ಕುದುರೆ ಕಾಲು ಕಿತ್ತುಕೊಂಡಿತು. ‘ಇದೇ ನೋಡಮ್ಮ. ಗೊರಸಿನ ಅಂಚಿಗೆ ನೋವಿಲ್ಲ, ಒಂಚೂರು ಒಳಕ್ಕೆ ಹೋದ್ರೆ ಜೀವದ ಮಾಂಸ’ ಎಂದು ಆ ಮೊಳೆ ಕಿತ್ತರು. ಅವರ ಮಕ್ಕಳ್ಯಾರೂ ಈ ಕೆಲಸ ಕಲಿತಿಲ್ಲ. ಸಾಕಿದ ಕುದುರೆಗೆ 6ರಿಂದ 8 ವಾರಕ್ಕೊಮ್ಮೆ ಗೊರಸು ಸವರಿಸಬೇಕು. ಹಾಗಾಗಿ ಕೆಲಸಕ್ಕೇನೂ ಬರವಿಲ್ಲ. ಬ್ರಿಟನ್ನಿನಲ್ಲಿ ಇದಕ್ಕೆಂದೇ 1975ರ ಕಾಯ್ದೆಯಿದೆ, ನೋಂದಣಿ ಇಲ್ಲದವರು ಲಾಳ ಮುಟ್ಟುವಂತಿಲ್ಲ.

ನಮ್ಮ ಜಿಲ್ಲೆಯಲ್ಲೇ, ತಿಪಟೂರಿನ ಕೊನೇಹಳ್ಳಿಯಲ್ಲಿ, ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ. ಎಸ್ಸೆಸ್ಸೆಲ್ಸಿ ಆದವರು ಸೇರಬಹುದು. ಅಲ್ಲೇ ಕುದುರೆ ಆರೈಕೆ ಮತ್ತು ಲಾಳದ ಕೆಲಸಕ್ಕೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಿ ಎಂದು ಪಶುವೈದ್ಯಕೀಯ ವಿಶ್ವವಿದ್ಯಾಲಯವನ್ನು ಕೇಳುತ್ತೇನೆ. ಕಲಿಸಲು ಆ ಅಜ್ಜನಂಥವರನ್ನೇ ಕರೆಯಲಿ. ‘ನಿಮ್ಮ ಹತ್ರ ಸರ್ಟಿಫಿಕೇಟ್ ಎಲ್ಲಿ?’ ಅಂತ ಮಾತ್ರ ಅವರನ್ನು ಕೇಳಬೇಡಿ.

– ಒಬ್ಬ ತಾಯಿ, ಕುಣಿಗಲ್